ಪ್ರತಿಭೆ ಇದ್ದರೆ ತಯಾರಿ ಬೇಡವೇ? ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಗಾಲ್ವಾ

ನಿಜವಾದ ಬುದ್ಧಿವಂತರು ಪರೀಕ್ಷೆಗೆ ಓದಬೇಕಾಗಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಫೇಲಾದವರಿಗೆ ಆ ವಿಷಯವೇ ಬರುವುದಿಲ್ಲ ಎಂಬ ಮಾತನ್ನೂ ಕೇಳಿದ್ದೇವೆ. ಎರಡೂ ಏಕೆ ತಪ್ಪು ಎಂದು ತಿಳಿಯಲು ಫ್ರಾನ್ಸಿನ ಗಣಿತಜ್ಞ ಎವಾರಿಸ್ಟ್ ಗಾಲ್ವಾನ ಬದುಕನ್ನು ನೋಡೋಣ.

ಗಾಲ್ವಾ ಹುಟ್ಟಿದ್ದು 1811ರ ಅಕ್ಟೋಬರ್ 25ರಂದು, ಪ್ಯಾರಿಸ್ ಹತ್ತಿರದ ಬೂರ್-ಲಾ-ರೆನ್ ಎಂಬ ಊರಿನಲ್ಲಿ. ಮೊದಲ ಹನ್ನೆರಡು ವರ್ಷ ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. 1823ರಲ್ಲಿ ಪ್ಯಾರಿಸಿನ ಲೂಯಿ-ಲ-ಗ್ರಾನ್ ಶಾಲೆ ಸೇರಿದ. 1827ರಲ್ಲಿ ಗಣಿತದ ತರಗತಿಗೆ ಹೋಗತೊಡಗಿದ ಮೇಲೆ ಉಳಿದ ವಿಷಯಗಳ ಮೇಲಿನ ಆಸಕ್ತಿಯೇ ಹೊರಟುಹೋಯಿತು. ಲೆಜಾಂಡ್ರ್ ಬರೆದ ರೇಖಾಗಣಿತದ ಪುಸ್ತಕ ಓದಿ ಮುಗಿಸಿ, ದೊಡ್ಡ ಗಣಿತಜ್ಞರಿಗಾಗಿ ಲಗ್ರಾಂಜ್ ಬರೆದಿದ್ದ ಕೃತಿಗಳಿಗೆ ಕೈಹಾಕಿದ.

ಮೊದಲ ಪರೀಕ್ಷೆ: ತಯಾರಿಯೇ ಇರಲಿಲ್ಲ

ಆಗ ಫ್ರಾನ್ಸಿನಲ್ಲಿ ಗಣಿತ ಕಲಿಯಬೇಕೆನ್ನುವವರ ಕನಸು ಎಕೋಲ್ ಪಾಲಿಟೆಕ್ನಿಕ್. ಅದರ ಪ್ರವೇಶ ಪರೀಕ್ಷೆಗೆ ಮೊದಲು ವಿಶೇಷ ಗಣಿತದ ತರಗತಿಯಲ್ಲಿ ಕಲಿಯುವುದು ರೂಢಿ. ಗಾಲ್ವಾ ಅದನ್ನು ಬಿಟ್ಟು, ಒಂದು ವರ್ಷ ಮೊದಲೇ, 1828ರಲ್ಲಿ ಪರೀಕ್ಷೆಗೆ ಕುಳಿತು ಫೇಲಾದ.

ಕಾರಣ ಊಹಿಸುವುದು ಕಷ್ಟವಲ್ಲ. ಅವನು ಓದಿದ್ದು ಸಂಶೋಧಕರ ಗಣಿತ. ಪರೀಕ್ಷೆ ಕೇಳುವುದು ಪಠ್ಯದ ಗಣಿತ. ಅಲ್ಲದೆ ಪರೀಕ್ಷಕರ ಎದುರು ಕಪ್ಪುಹಲಗೆಯ ಮೇಲೆ ಪ್ರತಿ ಹೆಜ್ಜೆಯನ್ನೂ ವಿವರಿಸಬೇಕಿತ್ತು. ಗಾಲ್ವಾ ಹೆಚ್ಚಿನದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವವನು, ನಡುವಿನ ಹೆಜ್ಜೆಗಳನ್ನು ಹಾರಿಸುವವನು. ಉತ್ತರ ಗೊತ್ತಿರುವುದು ಬೇರೆ, ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಬೇರೆ. ಎರಡನೆಯದಕ್ಕೆ ಅಭ್ಯಾಸ ಬೇಕು.

ಎರಡನೆಯ ಪರೀಕ್ಷೆ: ತಂದೆ ತೀರಿಕೊಂಡ ತಿಂಗಳು

ಅದೇ ವರ್ಷ ಲೂಯಿ ರಿಷಾರ್ ಎಂಬ ಒಳ್ಳೆಯ ಮೇಷ್ಟ್ರು ಸಿಕ್ಕರು. ಹುಡುಗನ ಶಕ್ತಿಯನ್ನು ಅವರು ಗುರುತಿಸಿದರು. 1829ರ ಏಪ್ರಿಲ್‌ನಲ್ಲಿ ಗಾಲ್ವಾನ ಮೊದಲ ಲೇಖನ ಪ್ರಕಟವಾಯಿತು. ಆಗ ಅವನಿಗೆ 17 ವರ್ಷ.

ಆದರೆ ಜುಲೈ ಆರಂಭದಲ್ಲಿ ಊರಿನ ಮೇಯರ್ ಆಗಿದ್ದ ತಂದೆ, ರಾಜಕೀಯ ವಿರೋಧಿಗಳ ಅಪಪ್ರಚಾರದಿಂದ ನೊಂದು ಆತ್ಮಹತ್ಯೆ ಮಾಡಿಕೊಂಡರು. ಅದರ ಬೆನ್ನಲ್ಲೇ ಎರಡನೆಯ ಪರೀಕ್ಷೆ. ಮತ್ತೆ ಫೇಲ್. ಎರಡಕ್ಕಿಂತ ಹೆಚ್ಚು ಅವಕಾಶ ಇರಲಿಲ್ಲ. ಆ ಬಾಗಿಲು ಶಾಶ್ವತವಾಗಿ ಮುಚ್ಚಿತು. ಸಿಟ್ಟಿನಲ್ಲಿ ಅವನು ಹಲಗೆ ಒರೆಸುವ ಬಟ್ಟೆಯನ್ನು ಪರೀಕ್ಷಕರ ಮೇಲೆ ಎಸೆದ ಎಂಬ ಕಥೆ ಪ್ರಸಿದ್ಧ. ಇದಕ್ಕೆ ಗಟ್ಟಿ ಆಧಾರವಿಲ್ಲ.

ಕೊನೆಗೆ ಎಕೋಲ್ ನಾರ್ಮಲ್ ಎಂಬ ಶಿಕ್ಷಕರ ತರಬೇತಿ ಸಂಸ್ಥೆ ಸೇರಿದ. 1830ರ ಕ್ರಾಂತಿಯ ನಂತರ ಅಲ್ಲಿಂದಲೂ ಹೊರಹಾಕಿದರು. ಆಮೇಲೆ ರಾಜಕೀಯ, ಜೈಲು. 1832ರ ಮೇ 30ರಂದು ದ್ವಂದ್ವಯುದ್ಧದಲ್ಲಿ ಗುಂಡು ತಗುಲಿ, ಮರುದಿನ ತೀರಿಕೊಂಡ. ವಯಸ್ಸು 20.

ಒಂದೇ ರಾತ್ರಿಯಲ್ಲಿ ಬರೆದದ್ದೇ?

ದ್ವಂದ್ವಯುದ್ಧದ ಹಿಂದಿನ ರಾತ್ರಿ ಗಾಲ್ವಾ ತನ್ನ ಸಿದ್ಧಾಂತವನ್ನೆಲ್ಲ ಬರೆದ ಎಂಬುದು ಇನ್ನೊಂದು ದಂತಕಥೆ. ಆ ರಾತ್ರಿ ಅವನು ಗೆಳೆಯ ಷೆವಾಲಿಯೆಗೆ ಪತ್ರ ಬರೆದು ತನ್ನ ಕೆಲಸದ ಸಾರ ಹೇಳಿದ್ದು, ಹಳೆಯ ಬರಹವನ್ನು ತಿದ್ದಿದ್ದು ನಿಜ. ಆದರೆ ಆ ಕೆಲಸ ಶುರುವಾಗಿ ಆಗಲೇ ಮೂರು ವರ್ಷವಾಗಿತ್ತು. 1829ರ ಮೇ ತಿಂಗಳಲ್ಲೇ, ಅಂದರೆ ಎರಡನೆಯ ಸಲ ಫೇಲಾಗುವ ಮೊದಲೇ, ಸಮೀಕರಣಗಳ ಬಗ್ಗೆ ವಿಜ್ಞಾನ ಅಕಾಡೆಮಿಗೆ ಪ್ರಬಂಧ ಕಳಿಸಿದ್ದ. ಯಾವ ಸಮೀಕರಣವನ್ನು ಸೂತ್ರದಿಂದ ಬಿಡಿಸಬಹುದು, ಯಾವುದನ್ನು ಆಗದು ಎಂದು ತೀರ್ಮಾನಿಸುವ ದಾರಿಯನ್ನು ಮುಂದೆ ಅವನು ತೋರಿಸಿಕೊಟ್ಟ. 1846ರಲ್ಲಿ ಗಣಿತಜ್ಞ ಲಿಯುವಿಲ್ ಅದನ್ನು ಪ್ರಕಟಿಸಿದ ಮೇಲೆ ಜಗತ್ತಿಗೆ ಅದರ ಬೆಲೆ ತಿಳಿಯಿತು.

ಇಂದು ನಾವು ಅಂಗಡಿಯಲ್ಲಿ ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಸ್ವಲ್ಪ ಹರಿದಿದ್ದರೂ ಕೆಲಸ ಮಾಡುತ್ತದಲ್ಲ? ಆ ದೋಷ ತಿದ್ದುವ ಲೆಕ್ಕ ನಡೆಯುವುದು ಗಾಲ್ವಾ ಫೀಲ್ಡ್ ಎಂಬ, ಅವನದೇ ಹೆಸರಿನ ಗಣಿತದಲ್ಲಿ.

ಹಾಗಾದರೆ ನಾವು ತಿಳಿಯಬೇಕಾದದ್ದು?

ಪರೀಕ್ಷೆ ಅಳೆದದ್ದು ಗಾಲ್ವಾನ ಪ್ರತಿಭೆಯನ್ನಲ್ಲ. ಆ ದಿನದ, ಆ ಬಗೆಯ ಸಿದ್ಧತೆಯನ್ನು. ಹಾಗಾಗಿ ಫೇಲಾದವರನ್ನು ದಡ್ಡರೆನ್ನುವುದು ತಪ್ಪು. ಆದರೆ ಗಾಲ್ವಾನನ್ನು ತೋರಿಸಿ ಓದದೆ ಪರೀಕ್ಷೆಗೆ ಹೋಗುವುದೂ ತಪ್ಪೇ. ಇದ್ದ ಎರಡು ಅವಕಾಶಗಳಲ್ಲಿ ಒಂದನ್ನು ಅವನು ತಯಾರಿಯಿಲ್ಲದೆ ಕಳೆದುಕೊಂಡ. ಎರಡನೆಯದು ಬಂದಾಗ ಮನೆಯಲ್ಲಿ ಸಾವಾಗಿತ್ತು. ಮೂರನೆಯದು ಬರಲೇ ಇಲ್ಲ.