ಬಾವುಟಕ್ಕೆ ನಿಲ್ಲುವುದನ್ನು ಕಲಿಸಿದ ಡಾಕ್ಟರು

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ಆಗಸ್ಟ್ 15ರಂದು ನಮ್ಮ ಶಾಲೆಯ ಬಾವುಟ ಬಿಚ್ಚಿಕೊಳ್ಳಲಿಲ್ಲ. ಅದನ್ನು ಮಡಿಸಿ, ಒಳಗೆ ಚೆಂಡುಹೂವಿನ ಎಸಳು ಇಟ್ಟು ಕಟ್ಟಿದವನು ನಾನೇ. ಜಾರುಗಂಟು ಹಾಕುವ ಬದಲು ಎಮ್ಮೆಯನ್ನು ಗೂಟಕ್ಕೆ ಕಟ್ಟಿದ ಹಾಗೆ ಬಿಗಿದುಬಿಟ್ಟಿದ್ದೆ. ಮುಖ್ಯ ಅತಿಥಿಗಳು ಹಗ್ಗ ಎಳೆದರು, ಮತ್ತೆ ಎಳೆದರು. ಊರಿನವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಕೊನೆಗೆ ಪಿ.ಟಿ. ಮೇಷ್ಟ್ರು ಅದನ್ನು ಇಳಿಸಿ, ಬಿಚ್ಚಿ, ಮತ್ತೆ ಕಟ್ಟಿ ಏರಿಸಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಆದರೆ ಜನವರಿ 26ರವರೆಗೆ ಪ್ರತಿ ಶನಿವಾರ ನನ್ನಿಂದ ಗಂಟು ಹಾಕಿಸಿದರು.

ಸುವರ್ಣ ಮಹೋತ್ಸವ ಸಂಚಿಕೆಗೆ ಬರೆಯಲು ಹೇಳಿದಾಗ ಆ ಗಂಟೇ ನೆನಪಾಯಿತು. ಗೌರಿಬಿದನೂರು ತಾಲ್ಲೂಕಿನವರಿಗೆ ಬಾವುಟ ಎಂದರೆ ವಿದುರಾಶ್ವತ್ಥ. ಅದರ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಬಾವುಟದ ಮುಂದೆ ಶಿಸ್ತಾಗಿ ನಿಲ್ಲುವುದನ್ನು ಈ ದೇಶದ ಜನಕ್ಕೆ ಅಭ್ಯಾಸ ಮಾಡಿಸಿದವರಲ್ಲಿ ಮೊದಲಿಗರು ನಮ್ಮ ಕರ್ನಾಟಕದವರೇ ಎಂಬುದು ನನಗೆ ತಿಳಿದದ್ದು ಬಿ.ಇ. ಮುಗಿದ ಎಷ್ಟೋ ವರ್ಷದ ಮೇಲೆ. ಅವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್.

ನಾರಾಯಣ ಸುಬ್ಬರಾವ್ ಹರ್ಡೀಕರ್ ಹುಟ್ಟಿದ್ದು 1889ರ ಮೇ 7ರಂದು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದರು. ಅಲ್ಲಿ ಲಾಲಾ ಲಜಪತರಾಯರ ಜೊತೆ ಸೇರಿ ಹೋಮ್ ರೂಲ್ ಲೀಗಿನ ಕೆಲಸ ಮಾಡಿದರು. ಆ ಕಾಲದಲ್ಲಿ ಅಂಥ ಓದಿಗೆ ಎಲ್ಲಿ ಬೇಕಾದರೂ ಬದುಕು ಸಿಗುತ್ತಿತ್ತು. ಅವರು 1921ರಲ್ಲಿ ವಾಪಸು ಬಂದು ಅಸಹಕಾರ ಚಳವಳಿಗೆ ಇಳಿದರು. ಪ್ರಾಜೆಕ್ಟಿನ ನೆಪದಲ್ಲಿ ಎರಡು ವರ್ಷ ಹೊರದೇಶದಲ್ಲಿದ್ದು, ವಾಪಸು ಬರಲೋ ಬೇಡವೋ ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕಿದ ನನಗೆ ಈ ಒಂದು ಸಾಲು ಸುಲಭವಾಗಿ ಓದಿಕೊಂಡು ಹೋಗಲು ಆಗಲಿಲ್ಲ. ನಾನು ಬಂದೆ, ನಿಜ. ಆದರೆ ಬಂದದ್ದು ಬೆಂಗಳೂರಿಗೆ, ಊರಿಗಲ್ಲ.

1923ರಲ್ಲಿ ನಾಗಪುರದಲ್ಲಿ ಬಾವುಟ ಹಿಡಿದು ಸಿವಿಲ್ ಲೈನ್ಸ್ ಕಡೆ ಮೆರವಣಿಗೆ ಹೋಗುವುದನ್ನು ಸರ್ಕಾರ ತಡೆಯಿತು. ಅದೇ ಧ್ವಜ ಸತ್ಯಾಗ್ರಹ. ಆಗಿನ ಬಾವುಟ ಈಗಿನಂತಿರಲಿಲ್ಲ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೇಲೊಂದು ಚರಕ. ದೇಶದ ನಾನಾ ಕಡೆಯಿಂದ ಹೋದ ಸ್ವಯಂಸೇವಕರು ಸಾಲುಸಾಲಾಗಿ ಬಂಧನಕ್ಕೊಳಗಾದರು. ಜೈಲಿನ ಕಷ್ಟ ತಾಳದೆ ಕೆಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಜೊತೆ ಹೋಗಿದ್ದ ಹುಬ್ಬಳ್ಳಿ ಸೇವಾ ಮಂಡಳದ ಹುಡುಗರು ಬರೆದುಕೊಡಲಿಲ್ಲ. ಇದು ಎಲ್ಲರ ಕಣ್ಣಿಗೆ ಬಿತ್ತು. ಹೇಗೆ ಸಾಧ್ಯವಾಯಿತು ಎಂದರೆ, ಅವರಿಗೆ ಮೊದಲೇ ತರಬೇತಿ ಇತ್ತು. ಉತ್ಸಾಹ ಒಂದು ದಿನ ಇರುತ್ತದೆ, ಜೈಲು ತಿಂಗಳುಗಟ್ಟಲೆ ಇರುತ್ತದೆ ಎಂಬುದು ಆ ಡಾಕ್ಟರಿಗೆ ಗೊತ್ತಿತ್ತೆಂದು ಕಾಣುತ್ತದೆ.

ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರು ಅದರ ಮೊದಲ ಅಧ್ಯಕ್ಷರು. ದಿನನಿತ್ಯದ ದುಡಿಮೆ ಹರ್ಡೀಕರರದು. ಕವಾಯತು, ಶಿಬಿರ, ಸ್ವಯಂಸೇವಕರ ತರಬೇತಿ ಎಲ್ಲ ನಡೆಯಿತು. ತಿಂಗಳ ಕೊನೆಯ ಭಾನುವಾರ ಧ್ವಜವಂದನೆ ಮಾಡುವ ರೂಢಿಯನ್ನು ಬೆಳೆಸಿದ್ದೂ ಸೇವಾದಳವೇ. ಸರ್ಕಾರ 1932ರಲ್ಲಿ ದಳವನ್ನು ನಿಷೇಧಿಸಿತು.

ಈ ನಡುವೆ 1931ರಲ್ಲಿ ಬಾವುಟ ಬದಲಾಯಿತು. ಮೊದಲು ಬಣ್ಣಗಳಿಗೆ ಒಂದೊಂದು ಧರ್ಮದ ಅರ್ಥ ಹೇಳುತ್ತಿದ್ದರು. ಅದರಿಂದ ಜಗಳವೂ ಆಗುತ್ತಿತ್ತು. ಕಾಂಗ್ರೆಸ್ಸು ಅದನ್ನು ಕೈಬಿಟ್ಟು ಕೇಸರಿ ಧೈರ್ಯ ಮತ್ತು ತ್ಯಾಗಕ್ಕೆ, ಬಿಳಿ ಸತ್ಯ ಮತ್ತು ಶಾಂತಿಗೆ, ಹಸಿರು ನಂಬಿಕೆ ಮತ್ತು ಬಲಕ್ಕೆ ಎಂದು ತೀರ್ಮಾನಿಸಿತು. ನಮ್ಮ ಪ್ರಬಂಧ ಸ್ಪರ್ಧೆಗಳಲ್ಲಿ ಈಗಲೂ ಹಳೆಯ ಅರ್ಥ ಬರೆಯುವ ಮಕ್ಕಳಿದ್ದಾರೆ. ಮೇಷ್ಟ್ರುಗಳು ದಯವಿಟ್ಟು ತಿದ್ದಬೇಕು.

ಚರಕವಿದ್ದ ಈ ತ್ರಿವರ್ಣವನ್ನೇ ಮೈಸೂರು ಸಂಸ್ಥಾನದಲ್ಲಿ ಹಾರಿಸಬಾರದೆಂದು ತಡೆದದ್ದು. 1938ರ ಏಪ್ರಿಲಿನಲ್ಲಿ ಮೊದಲು ಶಿವಪುರ, ಆಮೇಲೆ 25ರಂದು ಜಾತ್ರೆಯ ಜನ ತುಂಬಿದ್ದ ವಿದುರಾಶ್ವತ್ಥ. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದು ಸರ್ಕಾರದ ಲೆಕ್ಕ, ಮೂವತ್ತು ದಾಟಿತ್ತು ಎಂದು ಜನರ ಲೆಕ್ಕ. ಪಟೇಲರು ಮತ್ತು ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದ ಮೇಲೆ ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣವನ್ನೂ ಹಾರಿಸಬಹುದೆಂದಾಯಿತು. ಉತ್ತರ ಪಿನಾಕಿನಿಯ ದಡದ ವೀರಸೌಧಕ್ಕೆ ಶಾಲೆಯಿಂದ ಕರೆದೊಯ್ದಾಗ ನಾನು ನಾಗರಕಲ್ಲು ಎಣಿಸುವುದರಲ್ಲೇ ಇದ್ದೆ.

ಚರಕದ ಜಾಗಕ್ಕೆ 24 ಅರಗಳ ಅಶೋಕ ಚಕ್ರ ಬಂದದ್ದು 1947ರ ಜುಲೈ 22ರಂದು. ಹರ್ಡೀಕರರು 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ತೀರಿಕೊಂಡದ್ದು 1975ರ ಆಗಸ್ಟಿನಲ್ಲಿ. ಆ ಹೊತ್ತಿಗೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಎದ್ದು ನಿಂತಿತ್ತು. ಈಗ ದೇಶಕ್ಕೆಲ್ಲ ಖಾದಿ ಬಾವುಟ ಹೊಲಿದು ಕಳಿಸುವುದು ಅಲ್ಲಿಂದಲೇ. ಕ್ಷಮಾಪಣೆ ಬರೆಯದ ಹುಡುಗರ ಊರೂ ಅದೇ ಎಂಬುದು ನನಗೆ ಬಹಳ ಹಿಡಿಸಿತು.

ಪಾಲಿಯೆಸ್ಟರ್ ಬಾವುಟಕ್ಕೂ ಈಗ ಅನುಮತಿ ಇದೆ, ಅಗ್ಗವೂ ಹೌದು. ಆದರೂ ಸುವರ್ಣ ಮಹೋತ್ಸವಕ್ಕೆ ಬೆಂಗೇರಿಯ ಖಾದಿಯದನ್ನೇ ತರಿಸಿ ಶಾಲೆಗೆ ಕೊಡುತ್ತಿದ್ದೇನೆ. ಹಿಂದಿನ ಸಂಜೆಯೇ ಬಂದು ಕಟ್ಟಿಕೊಡುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ. ನಿವೃತ್ತರಾದ ನಮ್ಮ ಪಿ.ಟಿ. ಮೇಷ್ಟ್ರಿಗೂ ಫೋನ್ ಮಾಡಿದ್ದೆ. ಗಂಟನ್ನು ತಾವೇ ಒಮ್ಮೆ ಎಳೆದು ನೋಡುವುದಾಗಿ ಹೇಳಿದ್ದಾರೆ.