ಮಕ್ಕಳ ಚಿತ್ರಗಾರ್ತಿ ಚಿಹಿರೊ ಇವಾಸಾಕಿ

ತೊತ್ತೊ-ಚಾನ್ ಎಂಬ ಜಪಾನಿನ ಹುಡುಗಿಯ ಪುಸ್ತಕ ಕನ್ನಡದಲ್ಲೂ ಇದೆ. ಕೆಲವರು ಓದಿರಬಹುದು. ಜಪಾನಿನಲ್ಲಿ ಆ ಪುಸ್ತಕ ಬಂದಾಗ ಅದರಲ್ಲಿದ್ದ ಚಿತ್ರಗಳು ಚಿಹಿರೊ ಇವಾಸಾಕಿ ಅವರದು. ಅವರ ಜೀವನ ತಿಳಿಯೋಣ.

ಚಿಹಿರೊ ಅವರು 1918ರ ಡಿಸೆಂಬರ್ 15ರಂದು ತಾಕೆಫು ಎಂಬ ಊರಿನಲ್ಲಿ ಜನಿಸಿದರು. ಬೆಳೆದದ್ದು ಟೋಕಿಯೋ ನಗರದಲ್ಲಿ. ಮೂವರು ಹೆಣ್ಣುಮಕ್ಕಳಲ್ಲಿ ಇವರೇ ದೊಡ್ಡವರು. ಚಿತ್ರ ಬರೆಯೋದು ಅಂದ್ರೆ ಪಂಚಪ್ರಾಣ. 14ನೇ ವಯಸ್ಸಿನಲ್ಲಿ ದೊಡ್ಡ ಚಿತ್ರಕಾರರೊಬ್ಬರ ಹತ್ತಿರ ಕಲಿಯಲು ಸೇರಿದರು. ಚಿತ್ರಕಲಾ ಶಾಲೆಗೆ ಹೋಗಬೇಕೆಂದು ಆಸೆಪಟ್ಟರು. ಆದರೆ ತಂದೆ ತಾಯಿ ಒಪ್ಪಲಿಲ್ಲ. 20ನೇ ವಯಸ್ಸಿಗೆ, ಇಷ್ಟವಿಲ್ಲದಿದ್ದರೂ, ಮದುವೆಯಾಯಿತು. 1941ರಲ್ಲಿ ಗಂಡ ತೀರಿಕೊಂಡರು.

ಆಗ ಮಹಾಯುದ್ಧದ ಕಾಲ. 1945ರ ಮೇ ತಿಂಗಳಲ್ಲಿ ಟೋಕಿಯೋ ಮೇಲೆ ವಿಮಾನಗಳು ಬಾಂಬ್ ಹಾಕಿದವು. ಇವರ ಮನೆ ಸುಟ್ಟು ಬೂದಿಯಾಯಿತು. ಎಲ್ಲರೂ ನಾಗಾನೊ ಕಡೆ ತಾಯಿಯ ತವರಿಗೆ ಹೋದರು. ತಂದೆ ತಾಯಿ ಅಲ್ಲೇ ಮಾತ್ಸುಕಾವ ಹಳ್ಳಿಯಲ್ಲಿ ಬೇಸಾಯಕ್ಕೆ ನಿಂತರು. ಚಿಹಿರೊ ಮಾತ್ರ 1946ರಲ್ಲಿ ಟೋಕಿಯೋಗೆ ವಾಪಸ್ ಬಂದು, ಪತ್ರಿಕೆಯಲ್ಲಿ ಕೆಲಸ ಮಾಡುತ್ತಾ ಚಿತ್ರ ಕಲಿತರು.

1950ರಲ್ಲಿ ಮತ್ತೆ ಮದುವೆಯಾದರು. 1951ರಲ್ಲಿ ಮಗ ಹುಟ್ಟಿದ. ಬಾಡಿಗೆ ಕೋಣೆಯಲ್ಲಿ ಮಗು ಸಾಕಲು ಆಗ್ಲಿಲ್ಲ. ಅದನ್ನು ಅಜ್ಜಿ ಮನೇಲಿ ಬಿಟ್ಟು, ದುಡಿದು, ರೈಲು ಚಾರ್ಜಿಗೆ ದುಡ್ಡು ಕೂಡಿದಾಗಲೆಲ್ಲ ಹೋಗಿ ನೋಡಿ ಬರುತ್ತಿದ್ದರು. ಹೋದಾಗಲೆಲ್ಲ ಮಗುವಿನ ಚಿತ್ರ ಬರೆಯುತ್ತಿದ್ದರು. 1952ರಲ್ಲಿ ಟೋಕಿಯೋದಲ್ಲಿ ಸಣ್ಣ ಮನೆ ಕಟ್ಟಿ ಮಗನನ್ನು ಕರೆತಂದರು. ಹತ್ತು ತಿಂಗಳ ಮಗು ಹೇಗಿರುತ್ತೆ, ಒಂದು ವರ್ಷದ ಮಗು ಹೇಗಿರುತ್ತೆ ಅಂತ ಎದುರಿಗೆ ಮಗು ಇಲ್ಲದೇನೇ ಬರೆಯುತ್ತಿದ್ದರು.

ಆ ಕಾಲದಲ್ಲಿ ಮಕ್ಕಳ ಪುಸ್ತಕದ ಚಿತ್ರಕ್ಕೆ ಬೆಲೆ ಇರಲಿಲ್ಲ. ಅಚ್ಚಾದ ಮೇಲೆ ಮೂಲ ಚಿತ್ರವನ್ನು ಬರೆದವರಿಗೆ ವಾಪಸ್ ಕೊಡುವ ಪದ್ಧತಿಯೂ ಇರಲಿಲ್ಲ. ಚಿಹಿರೊ ಸುಮ್ಮನಿರಲಿಲ್ಲ. ಚಿತ್ರ ಬರೆದವರಿಗೇ ಅದರ ಹಕ್ಕು ಇರಬೇಕು ಎಂದು ವಾದಿಸಿ ಕೇಳಿ ಪಡೆದರು. ಹೀಗೆ ಸಾವಿರಾರು ಚಿತ್ರಗಳು ಅವರ ಮನೆಯಲ್ಲೇ ಉಳಿದವು.

ಯುದ್ಧವನ್ನು ಅವರು ಮರೆಯಲೇ ಇಲ್ಲ. ವಿಯೆಟ್ನಾಂನಲ್ಲಿ ಮಕ್ಕಳ ಮೇಲೆ ಬಾಂಬ್ ಬೀಳುತ್ತಿದ್ದಾಗ ತಮ್ಮ ಆರೋಗ್ಯ ಕೆಟ್ಟಿದ್ದರೂ ಆ ಮಕ್ಕಳ ಬಗ್ಗೆ ಚಿತ್ರಪುಸ್ತಕ ಮಾಡಿದರು. ಅದು 1973ರಲ್ಲಿ ಬಂತು. 1974ರ ಆಗಸ್ಟ್ 8ರಂದು ಕ್ಯಾನ್ಸರ್‌ನಿಂದ ನಿಧನರಾದರು. ಆಗ ಅವರಿಗೆ ಬರೀ 55 ವರ್ಷ.

1977ರಲ್ಲಿ ಅವರ ಮನೆಯ ಜಾಗದಲ್ಲೇ ಒಂದು ಪುಟ್ಟ ವಸ್ತುಸಂಗ್ರಹಾಲಯ ಶುರುವಾಯಿತು. ಮಕ್ಕಳ ಚಿತ್ರಪುಸ್ತಕಕ್ಕಾಗಿಯೇ ಇರುವ ಇಂಥದ್ದು ಜಗತ್ತಿನಲ್ಲೇ ಮೊದಲನೆಯದಂತೆ. ಅವರು ಚಿತ್ರ ಬರೆಯುತ್ತಿದ್ದ ಕೋಣೆ ಹೇಗಿತ್ತು ಅಂತಾನೂ ಅಲ್ಲಿ ನೋಡಬಹುದು. ಮಕ್ಕಳ ಕಣ್ಣಿಗೆ ಸಿಗುವಂತೆ ಚಿತ್ರಗಳನ್ನು ಕೆಳಗೇ ತೂಗುಹಾಕಿದ್ದಾರೆ. 1997ರಲ್ಲಿ ಮಾತ್ಸುಕಾವ ಹಳ್ಳಿಯಲ್ಲೂ ಇನ್ನೊಂದು ಶುರುವಾಯಿತು.

ತೊತ್ತೊ-ಚಾನ್ ಪುಸ್ತಕ ಬಂದದ್ದು 1981ರಲ್ಲಿ. ಅಷ್ಟೊತ್ತಿಗೆ ಚಿಹಿರೊ ತೀರಿಕೊಂಡು ಸುಮಾರು ಏಳು ವರ್ಷ ಆಗಿತ್ತು! ಬರೆದ ಲೇಖಕಿ ತೆತ್ಸುಕೊ ಕುರೊಯಾನಾಗಿ ಅವರು ಉಳಿದಿದ್ದ ಚಿತ್ರಗಳಿಂದಲೇ ಆರಿಸಿಕೊಂಡರು. ಅವು ಅಂದೇ ಕಳೆದುಹೋಗಿದ್ದರೆ ಏನು ಆರಿಸುತ್ತಿದ್ದರು?

ಆದ್ದರಿಂದ ಮಕ್ಕಳ ಚಿತ್ರ ತಾನೇ ಎಂದು ತಾತ್ಸಾರ ಮಾಡಬಾರದು. ನಮ್ಮ ಗೋಡೆ ಪತ್ರಿಕೆಯ ಚಿತ್ರಗಳನ್ನೂ ತಿಂಗಳಾದ ಮೇಲೆ ಹರಿದು ಬಿಸಾಡದೆ ಜೋಪಾನವಾಗಿ ಎತ್ತಿಡೋಣ.