ಕೈಗಳಿಗೆ ಬಾಳು ಕೊಟ್ಟ ವೈದ್ಯ

ಕೈ ಮನುಷ್ಯನ ಬಾಳಿಗೆ ಆಧಾರ. ಆಳಂದ, ಅಫಜಲಪುರ, ಜೇವರ್ಗಿಗಳ ಕರಿಮಣ್ಣಿನಲ್ಲಿ ಕುಂಟೆ ಹೊಡೆಯುವ ರೈತನಿಗೂ ಜೋಳದ ರೊಟ್ಟಿ ಬಡಿಯುವ ತಾಯಿಗೂ ಕೈ ಸೋತರೆ ಬದುಕೇ ಸೋತಂತೆ. ಕುಷ್ಠರೋಗದಿಂದ ಕೈ ಮುರುಟಿದವರ ಪಾಡಂತೂ ಇನ್ನೂ ದಾರುಣವಾಗಿತ್ತು; ಸಮಾಜವು ಅವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅಂತಹ ಕೈಗಳನ್ನು ಮತ್ತೆ ದುಡಿಮೆಗೆ ಅಣಿಗೊಳಿಸಿದ ಮಹನೀಯರು ಡಾಕ್ಟರ್ ಪಾಲ್ ಬ್ರ್ಯಾಂಡ್.

ಪಾಲ್ ಬ್ರ್ಯಾಂಡರು 1914ರ ಜುಲೈ 17ರಂದು ಇಂದಿನ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಜನಿಸಿದರು. ತಂದೆ ಜೆಸ್ಸಿ, ತಾಯಿ ಎವೆಲಿನ್ ಅಲ್ಲಿನ ಗಿರಿಜನರ ಸೇವೆಯಲ್ಲಿ ತೊಡಗಿದ್ದ ಆಂಗ್ಲ ಮಿಷನರಿಗಳು. ಒಂಬತ್ತರ ವಯಸ್ಸಿನಲ್ಲಿ ಪಾಲ್ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. 1929ರಲ್ಲಿ ತಂದೆ ಜ್ವರದಿಂದ ಮಡಿದರು.

ಬಾಲಕನಿಗೆ ವೈದ್ಯವೃತ್ತಿಯಲ್ಲಿ ಒಲವಿರಲಿಲ್ಲ. ಆತನು ಗಾರೆಕೆಲಸ, ಬಡಗಿತನಗಳನ್ನು ಶ್ರದ್ಧೆಯಿಂದ ಕಲಿತನು. ಅನಂತರ ಪ್ರಾಥಮಿಕ ವೈದ್ಯಕೀಯ ತರಬೇತಿ ಪಡೆಯುತ್ತಿದ್ದಾಗ ಮನಸ್ಸು ಬದಲಾಯಿತು. ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಯುದ್ಧಕಾಲದಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಪಳಗಿದರು. 1946ರಲ್ಲಿ ವೆಲ್ಲೂರಿನ ವೈದ್ಯಕೀಯ ಕಾಲೇಜಿಗೆ ಬಂದರು.

ಮರುವರ್ಷ ಕುಷ್ಠರೋಗ ತಜ್ಞ ರಾಬರ್ಟ್ ಕಾಕ್ರೇನರು ಅವರನ್ನು ಚೆಂಗಲ್ಪಟ್ಟಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಬ್ರ್ಯಾಂಡರು ರೋಗಿಯೊಬ್ಬನ ಮುರುಟಿದ ಕೈಯನ್ನು ಹಿಡಿದು, ಬಲವಾಗಿ ಒತ್ತುವಂತೆ ಹೇಳಿದರು. ಆ ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು! ಎಲ್ಲ ಸ್ನಾಯುಗಳೂ ಸತ್ತಿಲ್ಲವೆಂಬುದು ಅವರಿಗೆ ಹೊಳೆಯಿತು. ರೋಗವು ಕೆಲವು ನರಗಳನ್ನು ಮಾತ್ರ ಕೆಡಿಸುತ್ತದೆ. ಮುಂಗೈಯ ಅನೇಕ ಸ್ನಾಯುಗಳು ಸುಸ್ಥಿತಿಯಲ್ಲಿರುತ್ತವೆ. ಆರೋಗ್ಯವಂತ ಸ್ನಾಯುವಿನ ರಜ್ಜುವನ್ನು ಬೆರಳುಗಳಿಗೆ ಜೋಡಿಸಿದರೆ ಅವು ಮತ್ತೆ ನೇರವಾಗಬಲ್ಲವು. 1948ರಿಂದ ಅವರು ಈ ಶಸ್ತ್ರಚಿಕಿತ್ಸೆಯನ್ನು ಕೈಗೊಂಡು ಯಶಸ್ಸು ಪಡೆದರು.

ಆದರೆ ಹೊಸ ಸಮಸ್ಯೆಯೊಂದು ಎದುರಾಯಿತು. ಗುಣಹೊಂದಿದವರಿಗೆ ಯಾರೂ ಕೆಲಸ ಕೊಡಲಿಲ್ಲ. ಬೆರಳು ನೆಟ್ಟಗಾದುದರಿಂದ ಭಿಕ್ಷೆಯೂ ಕಡಿಮೆಯಾಯಿತು. ಆಗ ಬ್ರ್ಯಾಂಡರಿಗೆ ಹಿಂದೆ ಕಲಿತ ಬಡಗಿತನ ನೆರವಾಯಿತು. ವೆಲ್ಲೂರಿನಲ್ಲಿ ನವಜೀವನ ಕೇಂದ್ರವನ್ನು ತೆರೆದು ಅವರಿಗೆ ಮರಗೆಲಸ ಕಲಿಸಿದರು. ಬೆರಳುಗಳು ಸವೆಯಲು ನೋವಿನ ಅರಿವು ಇಲ್ಲದಿರುವುದೇ ಮುಖ್ಯ ಕಾರಣವೆಂದೂ, ಅರಿವಿಲ್ಲದೆ ಆಗುವ ಸುಟ್ಟಗಾಯ, ಕೊಯ್ತಗಳನ್ನು ತಡೆಯಬೇಕೆಂದೂ ತೋರಿಸಿಕೊಟ್ಟರು. ನೋವನ್ನು ಅವರು ದೇಹದ ಕಾವಲುಗಾರನೆಂದು ಬಗೆದರು.

1960ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ದೊರೆಯಿತು. 1966ರಲ್ಲಿ ಅಮೆರಿಕೆಯ ಕಾರ್ವಿಲ್ ಆಸ್ಪತ್ರೆಗೆ ತೆರಳಿ ಅಲ್ಲಿಯೂ ಇದೇ ಸೇವೆಯನ್ನು ಮುಂದುವರಿಸಿದರು. 2003ರ ಜುಲೈ 8ರಂದು ಸಿಯಾಟಲಿನಲ್ಲಿ ನಿಧನರಾದರು.

ಉಳಿ ಹಿಡಿದು ಪಳಗಿದ ಕೈಯೇ ಮುಂದೆ ಶಸ್ತ್ರವನ್ನು ಹಿಡಿಯಿತು. ಶ್ರದ್ಧೆಯಿಂದ ಕಲಿತ ಯಾವ ವಿದ್ಯೆಯೂ ವ್ಯರ್ಥವಾಗದೆಂಬುದಕ್ಕೆ ಬ್ರ್ಯಾಂಡರ ಬಾಳೇ ಸಾಕ್ಷಿ.